ವಿಮಾನ ಉತ್ತರ ಧ್ರುವದ ಮೇಲೇಕೆ ಬಂತು?

2021ರ ಜನವರಿ. ತೊಗರ್ಸಿಯ ಮನೆಯೊಂದರಲ್ಲಿ ಹೈಸ್ಕೂಲು ಹುಡುಗ ಅಜ್ಜಿಗೆ ಪತ್ರಿಕೆ ಓದಿ ಹೇಳುತ್ತಿದ್ದ. ಸಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ. ನಡುವೆ ಎಲ್ಲೂ ಇಳಿಯುವುದಿಲ್ಲ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರೇ, ಉತ್ತರ ಧ್ರುವದ ದಾರಿಯಲ್ಲಿ ಅದನ್ನು ತರುತ್ತಾರೆ. ವೇಳಾಪಟ್ಟಿಯಂತೆ 9ರ ರಾತ್ರಿ 8.30ಕ್ಕೆ ಹೊರಟು 11ರ ಬೆಳಗಿನ ಜಾವ 3.45ಕ್ಕೆ ತಲುಪಬೇಕು.

ಅಜ್ಜಿಯ ಕಿರಿಯ ಮಗ ಇರುವುದು ಅದೇ ಊರಿನಲ್ಲಿ. "ಎರಡು ರಾತ್ರಿ ಆಕಾಶದಾಗೇ ಇರ್ತದೇನೋ ತಮ್ಮಾ? ನನಗೇನಾದ್ರೂ ಆದ್ರೆ ನಿನ್ನ ಚಿಕ್ಕಪ್ಪ ಯಾವಾಗ ಬಂದಾನು?" ಎಂದರು ಅಜ್ಜಿ.

ಹುಡುಗ ಎಣಿಸಿದ: 31 ಗಂಟೆ 15 ನಿಮಿಷ. ಆದರೆ ಇದು ತಪ್ಪು ಲೆಕ್ಕ. ಹೊರಟ ವೇಳೆ ಅಲ್ಲಿನ ಗಡಿಯಾರದ್ದು, ತಲುಪುವ ವೇಳೆ ಇಲ್ಲಿನದು. ಗ್ರೀನಿಚ್‌ಗಿಂತ ನಾವು ಐದೂವರೆ ಗಂಟೆ ಮುಂದೆ. ಚಳಿಗಾಲದಲ್ಲಿ ಅವರು ಎಂಟು ಗಂಟೆ ಹಿಂದೆ. ಒಟ್ಟು ಹದಿಮೂರೂವರೆ ಗಂಟೆ ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. ಬೇಸಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಗ ಹನ್ನೆರಡೂವರೆ ಗಂಟೆ ಕಳೆಯಬೇಕು.

ಇನ್ನು ದೂರ. ಗೋಡೆಯ ನಕಾಶೆಯ ಮೇಲೆ ಎರಡೂ ಊರುಗಳ ನಡುವೆ ಶಾಂತಸಾಗರ ದಾಟಿ ಗೆರೆ ಎಳೆದರೆ ಅದು ನೇರವಾಗಿ ಕಾಣುತ್ತದೆ. ಆ ದಾರಿ ಸುಮಾರು 16,100 ಕಿ.ಮೀ. ಆದರೆ ಭೂಮಿ ಚಪ್ಪಟೆಯಲ್ಲವಲ್ಲ! ಶಾಲೆಯ ಗ್ಲೋಬಿನ ಮೇಲೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿ. ಅದು ತಾನಾಗಿಯೇ ಉತ್ತರಕ್ಕೆ ಸರಿದು ಧ್ರುವದ ಕಡೆಗೆ ಏರುತ್ತದೆ. ಅದೇ ಮಹಾವೃತ್ತದ ದಾರಿ, ಸುಮಾರು 14,000 ಕಿ.ಮೀ.

ಧ್ರುವದ ಮೇಲೆಯೇ ಹಾದರೆ ಎಷ್ಟು? ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಧ್ರುವಕ್ಕೆ 77 ಡಿಗ್ರಿ. ಸಾನ್ ಫ್ರಾನ್ಸಿಸ್ಕೊ 38ರಲ್ಲಿದೆ, ಧ್ರುವಕ್ಕೆ 52. ಒಟ್ಟು 129 ಡಿಗ್ರಿ. ಡಿಗ್ರಿಗೆ 111 ಕಿ.ಮೀ.ನಂತೆ ಸುಮಾರು 14,300 ಕಿ.ಮೀ. ನಕಾಶೆಯ ಗೆರೆಗಿಂತ ಸುಮಾರು 1,800 ಕಿ.ಮೀ. ಉಳಿತಾಯ, ಎಂದರೆ ಎರಡು ಗಂಟೆಗೂ ಮಿಕ್ಕಿದ ಹಾರಾಟ.

ಹಾಗೆಂದು ಧ್ರುವದ ದಾರಿ ಸುಲಭವಲ್ಲ. ಅಲ್ಲಿ ತುರ್ತಾಗಿ ಇಳಿಯಲು ನಿಲ್ದಾಣಗಳು ವಿರಳ. ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣತೆಯನ್ನು ಗಮನಿಸುತ್ತಲೇ ಇರಬೇಕು. ಗಾಳಿಯ ದಿಕ್ಕು, ವೇಗ ನೋಡಿ ದಾರಿಯೂ ಬದಲಾಗುತ್ತದೆ.

ಹುಡುಗ ಉತ್ತರ ಹೇಳಿದ. ಅಜ್ಜಿ ಕೇಳಿದರು: "ಬೆಂಗಳೂರಿಂದ ಇಲ್ಲಿಗೆ?" ಬಸ್ಸಿನಲ್ಲಿ ಮತ್ತೆ ಏಳೆಂಟು ಗಂಟೆ! ಆಕಾಶದಲ್ಲಿ ಗಂಟೆಗೆ ಸರಾಸರಿ 790 ಕಿ.ಮೀ. ಬಂದವನು ಕೊನೆಯ ದಾರಿಯನ್ನು ಅದರ ಹದಿನೈದನೆಯ ಒಂದು ಭಾಗದಷ್ಟು ವೇಗದಲ್ಲಿ ಬರಬೇಕು. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು.

ವೇಳಾಪಟ್ಟಿಗಳು ಬದಲಾಗುತ್ತಿರುತ್ತವೆ, ಲೆಕ್ಕದ ಕ್ರಮ ಬದಲಾಗದು. ದೂರದ ಮಕ್ಕಳ ದಾರಿ ಕಾಯುವ ಹಿರಿಯರಿಗೆ ಮನೆಯ ವಿದ್ಯಾರ್ಥಿ ಇಷ್ಟನ್ನು ಬಿಡಿಸಿ ಹೇಳಿದರೆ, ಭೂಗೋಳದ ಪಾಠ ಸಾರ್ಥಕ.