ಕಾಡನ್ನು ಇದ್ದಿಲಾಗಿಸಿದವರು ಯಾರು?

ಮಲೆನಾಡಿನ ಕಾಡು ಕರಗಿದ ಮಾತು ಬಂದಾಗಲೆಲ್ಲ ಆರೋಪದ ಬೆರಳು ಹಳ್ಳಿಗರತ್ತ ತಿರುಗುತ್ತದೆ. ಸೌದೆ ಕಡಿದವರು, ಸೊಪ್ಪು ಸವರಿದವರು, ಇದ್ದಿಲು ಸುಟ್ಟವರು ನಾವೇ ಎಂಬುದು ಪಟ್ಟಣದ ವಿದ್ಯಾವಂತರ ದೃಢ ನಂಬಿಕೆ. ಇತಿಹಾಸ ನುಡಿಯುವ ಸಾಕ್ಷ್ಯವೇ ಬೇರೆ.

ಇದ್ದಿಲು ಸುಡುವುದು ಪುರಾತನ ವಿದ್ಯೆ. ಮರದ ತುಂಡುಗಳನ್ನು ಒಟ್ಟಿ, ಸೊಪ್ಪು ಮಣ್ಣು ಮುಚ್ಚಿ, ಗಾಳಿಯಾಡದಂತೆ ದಿನಗಟ್ಟಲೆ ಬೇಯಿಸಬೇಕು. ಮಣ್ಣಿನ ಗೂಡಿನಲ್ಲಿ 1 ಟನ್ ಇದ್ದಿಲಿಗೆ 4ರಿಂದ 6 ಟನ್ ಒಣಮರ ತಗಲುತ್ತದೆ. ಆದರೂ ಊರ ಕಮ್ಮಾರನ ಕುಲುಮೆಗೆ ಬೇಕಾದದ್ದು ಕತ್ತಿ, ಗುದ್ದಲಿ, ನೇಗಿಲ ಗುಳ ಕಾಯಿಸುವಷ್ಟು ಮಾತ್ರ. ಆ ಹಸಿವಿಗೊಂದು ಮಿತಿಯಿತ್ತು.

ಮಿತಿ ಮುರಿದದ್ದು ಭದ್ರಾವತಿಯಲ್ಲಿ. 1918ರಲ್ಲಿ ಮೈಸೂರು ಸರ್ಕಾರ ಕೈಗೆತ್ತಿಕೊಂಡ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಇಂಧನವಾದದ್ದು ಸುತ್ತಲಿನ ಅರಣ್ಯ. ಮರ ಸಾಗಿಸಲು ಕಾಡಿನೊಳಗೆ ಟ್ರಾಂ ಹಳಿ ಹಾಕಲಾಯಿತು. ಮುಚ್ಚಿದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿ ಇದ್ದಿಲಿನೊಡನೆ ಟಾರನ್ನೂ ಮರದ ಸ್ಪಿರಿಟನ್ನೂ ಇಳಿಸಲಾಯಿತು. ಎಷ್ಟೇ ಜಾಣತನದಿಂದ ಕಾಯಿಸಿದರೂ 1 ಟನ್ ಇದ್ದಿಲಿಗೆ 3 ಟನ್ ಮರವಾದರೂ ಬೇಕು. 1 ಟನ್ ಬೀಡುಕಬ್ಬಿಣಕ್ಕೆ ಹೆಚ್ಚುಕಡಿಮೆ 1 ಟನ್ ಇದ್ದಿಲು ಬೇಕು. ಉಳಿದ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಲಿ.

ಕಾರ್ಖಾನೆ ನಾಡಿಗೆ ಅನ್ನ ಕೊಡಲಿಲ್ಲವೇ ಎಂದು ಕೇಳಬಹುದು. ಕೊಟ್ಟಿತು, ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆಲೆ ತೆತ್ತ ಕಾಡಿನ ಹೆಸರು ಯಾವ ಸಾಧನೆಯ ಪಟ್ಟಿಯಲ್ಲಿದೆ? ಮರ ಕಡಿದ ಕೈಗಳು ಬಡವರವೇ ಇರಬಹುದು. ಎಷ್ಟು ಕಡಿಯಬೇಕೆಂದು ತೀರ್ಮಾನಿಸಿದ ಕೈಗಳು ಅವರವಲ್ಲ.

ಇದು ಹಳೆಯ ಕಥೆಯೆಂದು ಸುಮ್ಮನಿರುವಂತಿಲ್ಲ. ಇಂದು ಅದೇ ಇದ್ದಿಲು ‘ಬಯೋಚಾರ್’ ಎಂಬ ಹೊಸ ಹೆಸರಿನಲ್ಲಿ, ಕಾರ್ಬನ್ ಕ್ರೆಡಿಟ್ಟಿನ ಆಮಿಷದೊಡನೆ ಬರುತ್ತಿದೆ. ನಮ್ಮ ಹುಳಿಮಣ್ಣಿಗೆ ಅದು ಹಿತವೆಂಬುದನ್ನು ಮಣ್ಣನ್ನು ಬಲ್ಲವನಾಗಿ ಒಪ್ಪುತ್ತೇನೆ. ಭತ್ತದ ಹೊಟ್ಟಿನಿಂದ, ಅಡಿಕೆ ಸಿಪ್ಪೆಯಿಂದ ಮಾಡಿದರೆ ಸ್ವಾಗತ. ಕಾಡಿನ ಮರದಿಂದ ಮಾಡಿದರೆ ಅದು ಹಸಿರು ಅಂಗಿ ತೊಟ್ಟ ಹಳೆಯ ಕುಲುಮೆಯೇ.

2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ನೀಡಿದೆ. ಆದುದರಿಂದ ಬಂಧುಗಳೇ, ಯಾರೇ ಇದ್ದಿಲಿನ ಯೋಜನೆ ಹೊತ್ತು ಊರಿಗೆ ಬಂದರೂ ಸಭೆಯಲ್ಲಿ ಎದ್ದು ನಿಂತು ಮೊದಲು ಒಂದೇ ಪ್ರಶ್ನೆ ಕೇಳಿ: ಮರ ಎಲ್ಲಿಯದು?