ಕಾಣೆಯಾದ ಮೆಟ್ಟಿಲುಗಳನ್ನು ನಂಬುವ ಮೊದಲು

ಮಾನ್ಯ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ,



2023ರ ಏಪ್ರಿಲ್‌ನಲ್ಲಿ ಸಂಪುಟ ಒಪ್ಪಿದ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಗೊತ್ತುಮಾಡಿದ್ದೀರಿ. ಕಂಪ್ಯೂಟಿಂಗ್ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ವಸ್ತು ಮತ್ತು ಸಾಧನಗಳದ್ದು ದೆಹಲಿ ಐಐಟಿಗೆ. ಮಿಷನ್ನಿನ ಗುರಿಗಳಲ್ಲಿ ಟೋಪೋಲಾಜಿಕಲ್ ವಸ್ತುಗಳೂ ಸೇರಿವೆ. ನನ್ನ ಅರಿಕೆ ಅವುಗಳಿಂದ ಮಾಡುವ ಜಂಕ್ಷನ್‌ಗಳ ಬಗ್ಗೆ.

ಎರಡು ಅತಿವಾಹಕಗಳ ನಡುವೆ ಬೇರೊಂದು ವಸ್ತುವಿನ ತೆಳು ಪದರವಿದ್ದರೂ ವೋಲ್ಟೇಜ್ ಇಲ್ಲದೆಯೇ ಕರೆಂಟ್ ಹರಿದೀತು ಎಂದು 1962ರಲ್ಲಿ ಲೆಕ್ಕ ಹಾಕಿ ಹೇಳಿದವರು ಬ್ರಿಯಾನ್ ಜೋಸೆಫ್ಸನ್. ಆಗವರು ಕೇಂಬ್ರಿಜ್‌ನಲ್ಲಿ ಇನ್ನೂ ಸಂಶೋಧನಾ ವಿದ್ಯಾರ್ಥಿ. ಇಂಥ ಜೋಡಣೆಯೇ ಜೋಸೆಫ್ಸನ್ ಜಂಕ್ಷನ್. ಅದಕ್ಕೆ ಮೈಕ್ರೋವೇವ್ ತಾಗಿಸಿದರೆ ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗಿಗಾಹರ್ಟ್ಸ್‌ಗೆ ಸುಮಾರು 2 ಮೈಕ್ರೋವೋಲ್ಟ್ ಎತ್ತರ. ಇವು ಶಪಿರೊ ಮೆಟ್ಟಿಲುಗಳು.

ನಡುವಿನ ಪದರ ಟೋಪೋಲಾಜಿಕಲ್ ಆಗಿದ್ದರೆ, ಅಂದರೆ ಒಳಗೆ ಅವಾಹಕವಾಗಿ ಮೈಮೇಲೆ ಮಾತ್ರ ವಿದ್ಯುತ್ ಹರಿಸುವಂಥದ್ದಾದರೆ, ಅಲ್ಲಿ ಮಯೊರಾನಾ ಸ್ಥಿತಿಗಳು, ಎಂದರೆ ಕಣವೇ ತನ್ನ ಪ್ರತಿಕಣವೂ ಆಗಿರುವಂಥ ಎಲೆಕ್ಟ್ರಾನ್ ಸ್ಥಿತಿಗಳು, ಮೂಡಬಹುದೆಂದು 2008ರಲ್ಲಿ ಲಿಯಾಂಗ್ ಫು ಮತ್ತು ಚಾರ್ಲ್ಸ್ ಕೇನ್ ತೋರಿಸಿದರು. ಗದ್ದಲಕ್ಕೆ ಸುಲಭವಾಗಿ ಕೆಡದ ಕ್ಯೂಬಿಟ್ಟಿನ, ಅಂದರೆ ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕದ, ಆಸೆ ನಿಂತಿರುವುದು ಈ ಸ್ಥಿತಿಗಳ ಮೇಲೆ. ಮಯೊರಾನಾ ಸ್ಥಿತಿಗಳು ಮೂಡಿದರೆ ಬೆಸ ಕ್ರಮಾಂಕದ ಶಪಿರೊ ಮೆಟ್ಟಿಲುಗಳು ಕಾಣೆಯಾಗಬೇಕು. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನ ಮರ್ಕ್ಯುರಿ ಟೆಲ್ಯುರೈಡ್ ಜಂಕ್ಷನ್‌ಗಳಲ್ಲಿ ಕಾಣೆಯಾದವು ಕೂಡ.

ತೊಡಕು ಇರುವುದು ಇಲ್ಲಿ. 2021ರಲ್ಲಿ ನ್ಯೂಯಾರ್ಕ್‌ನ ತಂಡವೊಂದು ಟೋಪೋಲಾಜಿಕಲ್ ಅಲ್ಲವೇ ಅಲ್ಲದ ಇಂಡಿಯಂ ಆರ್ಸೆನೈಡ್ ಜಂಕ್ಷನ್ನಿನಲ್ಲೂ ಮೆಟ್ಟಿಲು ಮಾಯವಾಗುವುದನ್ನು ಕಂಡಿತು. ಜಂಕ್ಷನ್ ತೀರಾ ಚೆನ್ನಾಗಿದ್ದು, ಎಲೆಕ್ಟ್ರಾನ್‌ಗಳು ಹೆಚ್ಚುಕಡಿಮೆ ತಡೆಯಿಲ್ಲದೆ ದಾಟುವಂತಿದ್ದರೆ ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ನೆಗೆತ ನಡೆದು, ಮಯೊರಾನಾದ್ದೇ ಗುರುತು ಮೂಡುತ್ತದೆ. ಕಳ್ಳನ ಹೆಜ್ಜೆಗುರುತು ಸಿಕ್ಕಿತೆಂದುಕೊಂಡರೆ ಅದು ಮನೆಯವರದ್ದೇ ಆಗಿರಬಹುದು!

ಎಡವಿದ್ದು ಮೆಟ್ಟಿಲುಗಳ ವಿಷಯದಲ್ಲಿ ಮಾತ್ರವಲ್ಲ. ಅದೇ ವರ್ಷ ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಂಡ 2018ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ್ದ ಮಯೊರಾನಾ ಪ್ರಬಂಧವನ್ನು ಹಿಂದಕ್ಕೆ ಪಡೆಯಿತು. ಭೌತವಿಜ್ಞಾನಿಗಳಾದ ಸೆರ್ಗೈ ಫ್ರೊಲೊವ್ ಮತ್ತು ವಿನ್ಸೆಂಟ್ ಮೂರಿಕ್ ಮೂಲ ದತ್ತಾಂಶ ಕೇಳಿ ಪಡೆದು ಪರಿಶೀಲಿಸದೆ ಹೋಗಿದ್ದರೆ ಆ ಪ್ರಬಂಧ ಇಂದಿಗೂ ಉದ್ಧರಣೆಯಾಗುತ್ತಲೇ ಇರುತ್ತಿತ್ತೇನೋ. 2025ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ‘ಮಯೊರಾನಾ 1’ ಚಿಪ್ ಘೋಷಿಸಿದಾಗಲಂತೂ, ಜೊತೆಗೆ ಬಂದ ಪ್ರಬಂಧದ ವಿಮರ್ಶಾ ಕಡತದಲ್ಲಿ, ಈ ಫಲಿತಾಂಶಗಳು ಮಯೊರಾನಾ ಇರುವುದಕ್ಕೆ ಪುರಾವೆಯಲ್ಲ ಎಂದು ಸಂಪಾದಕರೇ ಬರೆದಿದ್ದರು. ಪತ್ರಿಕಾ ಪ್ರಕಟಣೆಯ ಧಾಟಿಯೇ ಬೇರೆ.

ಈ ಸಂಶೋಧನೆಗೆ ಹಣ ಕೊಡಬೇಡಿ ಎನ್ನುತ್ತಿಲ್ಲ, ಕೊಡಲೇಬೇಕು. ಹಣದ ಜೊತೆಗೆ ಕೆಲವು ಷರತ್ತುಗಳಿರಲಿ: ಮಿಷನ್ನಿನ ಹಣದಲ್ಲಿ ಅಳೆದ ಪ್ರತಿ ಜಂಕ್ಷನ್ನಿನ ಮೂಲ ದತ್ತಾಂಶ, ಕೈಕೊಟ್ಟ ಜಂಕ್ಷನ್‌ಗಳದ್ದೂ ಸೇರಿ, ಪ್ರಬಂಧದ ಜೊತೆಗೇ ಬಹಿರಂಗವಾಗಲಿ. ಟೋಪೋಲಾಜಿಕಲ್ ಜಂಕ್ಷನ್ ಪಕ್ಕದಲ್ಲಿ ಅದೇ ಅಳತೆಯ ಸಾಮಾನ್ಯ ವಸ್ತುವಿನದ್ದೊಂದನ್ನೂ ಮಾಡಿ ಅಳೆಯಲಿ. ಬೇರೊಬ್ಬರ ಫಲಿತಾಂಶವನ್ನು ಮತ್ತೆ ಮಾಡಿ ನೋಡುವ, ‘ಇಲ್ಲ’ ಎಂದು ಹೇಳುವ ಪ್ರಯೋಗಕ್ಕೂ ಅನುದಾನದಲ್ಲಿ ಪಾಲಿರಲಿ. ಅಂಥ ಕೆಲಸಕ್ಕೆ ಈಗ ಬಡ್ತಿಯೂ ಇಲ್ಲ, ಸನ್ಮಾನವೂ ಇಲ್ಲ.

ಮುಂದಿನ ಪ್ರಸ್ತಾವನೆಗಳ ಕರೆಯಲ್ಲೇ ಈ ಷರತ್ತುಗಳನ್ನು ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ವಿಜ್ಞಾನ ಬರಹಗಾರ, ಬೆಂಗಳೂರು