ನೋಡಿಕೊಂಡು ಬರಬಾರದೇನಮ್ಮಾ?

ಗಾಡಿ ಓಡಿಸುವ ಹೆಂಗಸಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಲೂನಾ, ಕೈನೆಟಿಕ್ ಹೋಂಡಾಗಳ ಕಾಲದಿಂದಲೂ ಅದೇ ಪಾಠ: ಸೆರಗು ಸಿಕ್ಕಿಸಿಕೋ, ದುಪಟ್ಟಾ ಚಕ್ರಕ್ಕೆ ಸಿಕ್ಕೀತು, ನಿಧಾನಕ್ಕೆ ಹೋಗು, ಹೆಲ್ಮೆಟ್ ಹಾಕಿಕೋ. ಎಲ್ಲವೂ ಸರಿಯಾದ ಮಾತೇ. ಹೆಲ್ಮೆಟ್ಟಂತೂ 1988ರ ಮೋಟಾರು ವಾಹನ ಕಾಯಿದೆಯಲ್ಲೇ ಇದೆ. ಹಿಂದೆ ಕೂತವರಿಗೂ ಅದು ಬೇಕೆಂದು 2016ರ ಜನವರಿಯಲ್ಲಿ ಕರ್ನಾಟಕ ಕಟ್ಟುನಿಟ್ಟು ಮಾಡಿತು. ಆದರೆ ಉಪದೇಶವೆಲ್ಲ ಏಟು ತಿನ್ನುವವಳಿಗೇ ಏಕೆ? ಏಟು ಕೊಡುವವರಿಗೆ ಹೇಳುವವರು ಯಾರು?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎನ್ನುತ್ತದೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರದ ಮೇಲಿದ್ದವರು. ಇವರೆಲ್ಲ ವ್ಹೀಲಿ ಮಾಡುವ ಪಡ್ಡೆ ಹುಡುಗರೇ ಎಂದು ದಯವಿಟ್ಟು ಸಮಾಧಾನ ಮಾಡಿಕೊಳ್ಳಬೇಡಿ.

ಮೈಸೂರಿನ ದೇವರಾಜ ಅರಸು ರಸ್ತೆಯಂಥ ಪೇಟೆಬೀದಿಯನ್ನು ನೆನೆಸಿಕೊಳ್ಳಿ. ಎಡಕ್ಕೆ ಸಾಲಾಗಿ ನಿಂತ ಕಾರುಗಳು. ಅವುಗಳ ಪಕ್ಕದಲ್ಲೇ ಸ್ಕೂಟರು ಹೋಗಬೇಕು. ಇದ್ದಕ್ಕಿದ್ದಂತೆ ಒಂದು ಕಾರಿನ ಬಲಬಾಗಿಲು ರೆಕ್ಕೆಯಂತೆ ತೆರೆದುಕೊಳ್ಳುತ್ತದೆ. ಬಾಗಿಲಿಗೆ ಗುದ್ದಬೇಕು, ಇಲ್ಲವೇ ಬಲಕ್ಕೆ ಹೊರಳಬೇಕು. ಬಲಕ್ಕೆ, ಹಿಂದಿನಿಂದ ಬಸ್ಸು ಬರುತ್ತಿರುತ್ತದೆ. ಆ ಬಸ್ಸಿನ ಚಕ್ರಕ್ಕೆ ಯಾವ ಹೆಲ್ಮೆಟ್ ತಡೆಯೊಡ್ಡೀತು?

ನಮ್ಮ ಬೀದಿಯ ಹುಡುಗಿಯೊಬ್ಬಳು ಹೀಗೇ ಬಿದ್ದು ಮೊಣಕೈ ಮುರಿದುಕೊಂಡಳು. ಬಸ್ಸು ಬರುತ್ತಿರಲಿಲ್ಲ, ಉಳಿದಳು. ಬಾಗಿಲು ತೆರೆದ ಮಹಾನುಭಾವ ಮೊದಲು ಬಗ್ಗಿ ನೋಡಿದ್ದು ಬಾಗಿಲಿನ ಬಣ್ಣವನ್ನು. ಆಮೇಲೆ, "ನೋಡಿಕೊಂಡು ಬರಬಾರದೇನಮ್ಮಾ?" ಸುತ್ತ ನೆರೆದವರೂ ತಲೆಯಾಡಿಸಿದರಂತೆ. ನೋಡದೆ ಬಾಗಿಲು ತೆರೆದವನು ಅವನು, ನೋಡಬೇಕಾಗಿದ್ದವಳು ಅವಳು!

ಫೋನು ಕಿವಿಗಿಟ್ಟು ಸಿಗ್ನಲ್ಲಿಲ್ಲದೆ ತಿರುಗುವವರ ಮಾತು ಬೇರೆ. ಅವರಿಗೆ 2019ರ ತಿದ್ದುಪಡಿ ಇದೆ: ಫೋನು ಹಿಡಿದು ಓಡಿಸಿದರೆ ಅದು ಅಪಾಯಕಾರಿ ಚಾಲನೆ, ಸಾವಿರದಿಂದ ಐದು ಸಾವಿರ ರೂಪಾಯಿವರೆಗೆ ದಂಡ. ಬಾಗಿಲಿನ ವಿಷಯಕ್ಕೆ ಪೊಲೀಸರಿಗೆ ಕಾಯಬೇಕಿಲ್ಲ. ಏಕೆಂದರೆ ಎಷ್ಟೋ ಸಲ ಬಾಗಿಲು ತೆರೆಯುವವರು ಓಡಿಸುವವರಲ್ಲ, ಹಿಂದಿನ ಸೀಟಿನವರು. ಮದುವೆ ಸೀರೆ, ತೊಡೆಯ ಮೇಲೆ ಮಗು, ಕೈಯಲ್ಲಿ ನಾಲ್ಕು ಚೀಲ. ಅಂದರೆ, ಅಕ್ಕಂದಿರೇ, ನಾವು.

ಸೈಕಲ್ಲು ತುಂಬಿದ ನೆದರ್‌ಲ್ಯಾಂಡ್ಸ್‌ನಲ್ಲಿ ಇದಕ್ಕೊಂದು ರೂಢಿಯಿದೆ. ಬಾಗಿಲಿಗೆ ಹತ್ತಿರವಿರುವ ಕೈಯಿಂದ ತೆರೆಯುವುದಿಲ್ಲ, ದೂರದ ಕೈಯನ್ನು ಚಾಚಿ ತೆರೆಯುವುದು. ಹಾಗೆ ಚಾಚಿದಾಗ ಭುಜ ತಾನಾಗಿ ಹೊರಳುತ್ತದೆ, ಅದರೊಂದಿಗೆ ಕತ್ತು, ಕಣ್ಣು ಹಿಂದಿನ ರಸ್ತೆಗೆ ಬೀಳುತ್ತದೆ. ಬಲಬಾಗಿಲಿಗೆ ಎಡಗೈ. ಖರ್ಚು ಒಂದು ಕಾಸೂ ಇಲ್ಲ. ಎಡಗೈಯಿಂದ ಬಾಗಿಲು ತೆಗೆಯುವುದು ಅಪಶಕುನ ಎಂದು ಅತ್ತೆಯವರು ಮುಖ ಸಿಂಡರಿಸಿದರೆ ಅವರನ್ನು ಎಡಬಾಗಿಲ ಕಡೆ ಕೂರಿಸಿ. ಅಲ್ಲಿ ಬಲಗೈಯೇ ಬೇಕು.